ಉಸಿರಿಗೆ ಗುರುತು ಹಾಕಿದವಳು

ಮಾಂಗೆರೆಯಲ್ಲಿ ಲುಪೆಯ ಬಗ್ಗೆ ಈಗ ಯಾರನ್ನು ಕೇಳಿದರೂ ಒಂದೇ ಮಾತು. "ಯಾರು, ಅಕೆಸಾಳ ಮಗಳಾ? ಒಡಹುಟ್ಟಿದ ಅಣ್ಣನ ಮರ್ಯಾದೆ ಮೈಕಲ್ಲಿ ಹರಾಜು ಹಾಕಿದವಳಲ್ವಾ?" ಇಷ್ಟು ಹೇಳಿ ಮುಖ ಸಿಂಡರಿಸುತ್ತಾರೆ. ಹಾಗೆ ಸಿಂಡರಿಸುವವರಲ್ಲಿ ಅರ್ಧ ಮನೆಗಳ ಮಕ್ಕಳು ಚರ್ಚಿಗೆ ಹಾಕುವ ಬಿಳಿ ಬಟ್ಟೆಯನ್ನು ಲುಪೆ ಒಂದಲ್ಲ ಒಂದು ಶನಿವಾರ ಇಸ್ತ್ರಿ ಮಾಡಿಕೊಟ್ಟಿದ್ದಾಳೆ. ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಅವಳು ಹುಟ್ಟಿದ್ದು ಟೊಂಗಾದಲ್ಲಿ. ಬೆಳೆದದ್ದು ಆಕ್ಲೆಂಡಿನ ದಕ್ಷಿಣಕ್ಕಿರುವ ನಮ್ಮ ಈ ಬಡಾವಣೆಯಲ್ಲಿ, ತಲೆಯ ಮೇಲೆ ವಿಮಾನಗಳು ಇಳಿಯುವ ಸದ್ದಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಕೆಸ ವಿಮಾನ ನಿಲ್ದಾಣದ ಕಕ್ಕಸು ತೊಳೆಯುವ ಕೆಲಸಕ್ಕೆ ಸೇರಿದಳು. ಮನೆ ತೊಳೆಯುವ ಕೆಲಸ ತಾನಾಗಿ ಮಗಳಿಗೆ ಬಂತು. ಲುಪೆಗೆ ಒಬ್ಬ ಅಣ್ಣ, ಕೆಪು. ಕೆಳಗೆ ಇಬ್ಬರು ತಮ್ಮಂದಿರು. ನಮ್ಮಲ್ಲಿ ಅಕ್ಕತಂಗಿಯರ ಸ್ಥಾನ ಅಣ್ಣತಮ್ಮಂದಿರಿಗಿಂತ ಮೇಲು. ಇದನ್ನು ಪಾದ್ರಿ ಹೇಳುತ್ತಾನೆ, ಮದುವೆಯ ಭಾಷಣಗಳಲ್ಲಿ ಹೇಳುತ್ತಾರೆ. ದ್ವೀಪದಲ್ಲಿ ಅದಕ್ಕೆ ಸ್ವಲ್ಪ ಅರ್ಥವೂ ಇತ್ತು, ಯಾಕೆಂದರೆ ಅಲ್ಲಿ ನೆಲದಲ್ಲಿ ಒಲೆ ತೋಡಿ ಬೇಯಿಸುವುದು ಗಂಡಸರ ಕೆಲಸ. ವಿಮಾನ ಹತ್ತುವಾಗ ಗಂಡಸರು ಮರ್ಯಾದೆಯನ್ನು ಪೆಟ್ಟಿಗೆಗೆ ತುಂಬಿಕೊಂಡರು, ಒಲೆಯನ್ನು ಅಲ್ಲೇ ಬಿಟ್ಟು ಬಂದರು. ತಂಗಿ ಕೋಣೆಗೆ ಕಾಲಿಟ್ಟರೆ ಕೆಪು ತಕ್ಷಣ ಎದ್ದು ಹೊರಗೆ ಹೋಗುತ್ತಿದ್ದ. ಉಂಡ ತಟ್ಟೆಯನ್ನು ಮಾತ್ರ ಅವಳಿಗೆ ಬಿಟ್ಟು ಹೋಗುತ್ತಿದ್ದ.

ದೊಡ್ಡವರಾದ ಅಣ್ಣತಂಗಿ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದಿಲ್ಲ. ಪ್ರೀತಿ ಪ್ರೇಮದ ಒಂದು ಮಾತೂ ಇಬ್ಬರ ಕಿವಿಗೆ ಒಟ್ಟಿಗೆ ಬೀಳಬಾರದು. ಹಾಗಾಗಿ ಲುಪೆ ತನ್ನ ಅಣ್ಣನನ್ನು ಬಲ್ಲದ್ದೆಲ್ಲ ಗೋಡೆಯ ಈಚೆಯಿಂದ. ಅವನು ಆಚೆ ಕೋಣೆಯಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದರೆ ಇವಳು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ಉಜ್ಜುತ್ತಿದ್ದಳು. ಆದರೂ ಕಿವಿಗೆ ಬೀಳುತ್ತಿತ್ತು. ಕೆಪು ಸಾಲು ಎತ್ತುವ ಮೊದಲು ಮೂಗಿನಿಂದ ಎರಡು ಬಾರಿ ಉಸಿರೆಳೆಯುತ್ತಿದ್ದ, ಅಳು ನುಂಗಿದವನ ಹಾಗೆ.

ಲುಪೆ ಹೈಸ್ಕೂಲು ಮುಗಿಸುವಷ್ಟರಲ್ಲಿ ಚರ್ಚಿನ ಸಭಾಂಗಣದಲ್ಲಿ ಅವಳನ್ನು ಕಾವ ಎಂಬ ಬೇರಿನ ಅಮಲು ಪಾನೀಯದ ಬೋಗುಣಿಯ ಮುಂದೆ ಕೂರಿಸತೊಡಗಿದರು. ಗಂಡಸರು ಸುತ್ತ ಕೂತು ಕಾವ ಕುಡಿಯುತ್ತ ಪರಿಮಳದ ಹಾಡು ಹಾಡುತ್ತಾರೆ. ಹೆಸರು ಹೂವಿನದಾದರೂ ಹಾಡು ಹೆಣ್ಣಿನ ಮೇಲಿನದು. ನಡುವೆ ಕೂತ ಹುಡುಗಿ ಬೇರನ್ನು ನೀರಲ್ಲಿ ಹಿಂಡಿ, ತೆಂಗಿನ ಚಿಪ್ಪಿಗೆ ತುಂಬಿ ತುಂಬಿ ಕೊಡಬೇಕು, ಅವರ ಚೇಷ್ಟೆಯ ಮಾತಿಗೆ ಮುಗುಳ್ನಗಬೇಕು. ಅದಕ್ಕಾಗಿಯೇ ಮೊದಲು ವಿಚಾರಿಸುತ್ತಾರೆ: ಈ ವೃತ್ತದಲ್ಲಿ ಇವಳಿಗೆ ಅಣ್ಣತಮ್ಮನ ಸಂಬಂಧದವರು ಯಾರಾದರೂ ಇದ್ದಾರಾ? ದೊಡ್ಡಪ್ಪನ ಮಗ, ಸೋದರಮಾವನ ಮಗ, ಎಲ್ಲರೂ ಅಣ್ಣತಮ್ಮಂದಿರೇ. ಇದ್ದರೆ ಅವರು ಏಳಬೇಕು. ಲುಪೆ ಕೂರುವ ವಾರ ಕೆಪು ಬರುತ್ತಿರಲಿಲ್ಲ. ಕೆಪು ಹಾಡುವ ವಾರ ಬೇರೆ ಹುಡುಗಿ.

ಹಾಡಿನ ನಡುವೆ ಚಿಪ್ಪು ನೀಡಿದರೆ ಬೈಗುಳ. ಇನ್ನೊಂದು ಹಾಡು ಯಾವಾಗ ಏಳುತ್ತದೆಂದು ಮುಂಚೆಯೇ ತಿಳಿಯಬೇಕು. ಮೊದಲು ಹಾಡು ಎತ್ತುವವನ ಎದೆ ನೋಡಿ ನೋಡಿ ಲುಪೆ ಅದನ್ನು ಕಲಿತಳು.

ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಸಂಗೀತ ಮತ್ತು ಕಂಪ್ಯೂಟರಿನ ಕೋರ್ಸಿಗೆ ಸೇರಿದಳು. ಅಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಾಫು ಎಂಬ ಹುಡುಗ ಜೊತೆಯಾದ. ನಮ್ಮವನೇ, ಬೇರೆ ಚರ್ಚಿನವನು, ಸಂಬಂಧದ ಯಾವ ಎಳೆಯೂ ಇಲ್ಲ. ಮಾತಿನಲ್ಲಿ ಮಹಾ ಚತುರ. ಕಡಲಾಚೆ ಈಚೆ ಇರುವ ಎರಡು ಕಾವದ ವೃತ್ತಗಳನ್ನು ಇಂಟರ್ನೆಟ್ಟಿನಲ್ಲಿ ಒಂದೇ ಹಾಡಿಗೆ ಕೂಡಿಸುವುದು ಅವರ ಯೋಜನೆ. ದೂರದ ದನಿ ತಲುಪುವುದು ತಡ. ಅವರು ಮುಗಿಸಿದ ಸಾಲನ್ನು ಇವರು ಎತ್ತುವಷ್ಟರಲ್ಲಿ ಹಾಡು ಕುಂಟುತ್ತದೆ. ಅದಕ್ಕೆ ಲುಪೆ ಒಂದು ದಾರಿ ಹುಡುಕಿದಳು. ಎತ್ತುವವನ ಉಸಿರು ಕೇಳಿದ ಕೂಡಲೇ ಯಂತ್ರ ಮುಂದಿನ ಸಾಲನ್ನು ಊಹಿಸಬೇಕು, ನಿಜವಾದ ದನಿ ಬರುವವರೆಗೆ ತಾನೇ ಮೆಲ್ಲಗೆ ಗುನುಗಿ ಹಾಡನ್ನು ಹಿಡಿದಿರಬೇಕು.

ಯಂತ್ರಕ್ಕೆ ಉಸಿರು ಕಲಿಸುವುದು ಹೇಗೆ? ಚರ್ಚಿನ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ತಂದು, ಎಲ್ಲೆಲ್ಲಿ ಉಸಿರು, ಯಾವ ಉಸಿರಿನ ಹಿಂದೆ ಯಾವ ಸಾಲು ಎಂದು ಒಂದೊಂದಕ್ಕೂ ಕೈಯಿಂದ ಗುರುತು ಹಾಕಬೇಕು. ಸಾವಿರಾರು ಉಸಿರು. ಈ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಮಾಫು ಪೋಸ್ಟರ್ ಮಾಡಿದ, ಪ್ರಾಯೋಜಕರ ಜೊತೆ ಕಾಫಿ ಕುಡಿದ. ಲುಪೆ ತಮ್ಮಂದಿರ ಸಮವಸ್ತ್ರ ಮಷೀನಿಗೆ ಹಾಕಿ, ಹೆಡ್‌ಫೋನ್ ಏರಿಸಿಕೊಂಡು, ಗುರುತು ಹಾಕಿದಳು. ಬಟ್ಟೆ ಹರವಿ ಬಂದು ಮತ್ತೆ ಹಾಕಿದಳು.

ಒಂದಿಷ್ಟು ರೆಕಾರ್ಡಿಂಗುಗಳನ್ನು ಮಾತ್ರ ಅವಳು ಮುಟ್ಟಲಿಲ್ಲ. ಅವುಗಳಲ್ಲಿ ಎತ್ತುವವನು ಕೆಪು.

"ಇವು ನನ್ನ ಕೈಲಾಗಲ್ಲ, ನೀನು ಮಾಡು" ಎಂದು ಮಾಫುವಿಗೆ ಕೊಟ್ಟಳು.

"ಅಯ್ಯೋ, ಹೆಡ್‌ಫೋನಲ್ಲಿ ಕೇಳೋದಕ್ಕೂ ನಾಚಿಕೆನಾ? ಅವನೇನು ನಿನ್ನ ಕಿವಿಯೊಳಗೆ ಕೂತಿದ್ದಾನಾ?"

"ಕಿವಿಯೊಳಗೇ ಅಲ್ವೇನೋ ಕೂತಿರೋದು? ನಿನ್ನ ತಂಗಿ ಮುಂದೆ ಈ ಹಾಡು ಹಾಡ್ತೀಯಾ?"

"ಆಯ್ತು ಮಹಾರಾಣಿ, ಮಾಡ್ತೀನಿ ಬಿಡು."

ಮಾಡಲಿಲ್ಲ. ಅಷ್ಟರಲ್ಲಿ ಕೆಪು ದ್ರಾಕ್ಷಿ ಕೀಳುವ ಕೆಲಸಕ್ಕೆ ಆಸ್ಟ್ರೇಲಿಯಾದ ಮಿಲ್ಡೂರಾಕ್ಕೆ ಹೋಗಿದ್ದ. ಇನ್ನು ಅವನ ದನಿ ಯಾತಕ್ಕೆ ಬೇಕೆಂದು ಮಾಫು ಆ ಕೆಲಸವನ್ನು ಮರೆತ.

ಪ್ರದರ್ಶನ ಒಂದು ಶನಿವಾರ ಮಧ್ಯಾಹ್ನ, ಕಾಲೇಜಿನ ಸಭಾಂಗಣದಲ್ಲಿ. ಒಪ್ಪಂದ ಹೀಗಿತ್ತು: ಯಂತ್ರದ ಮುಂದೆ ಲುಪೆ ಕೂರುತ್ತಾಳೆ, ಅದು ಹೇಗೆ ಕಲಿಯಿತೆಂದು ಅವಳೇ ಮಾತಾಡುತ್ತಾಳೆ. ಅವಳ ಅಂಕ ಆ ಮಾತಿನ ಮೇಲೆ. ಮುಂದೆ ಓದುವ ಅವಕಾಶವೂ ಅದರ ಮೇಲೆ. ಆ ವಾರ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡುವುದನ್ನು ತಮ್ಮಂದಿರು ಅಣಕಿಸಿದ್ದರು. ಸಿಡ್ನಿಯ ಒಂದು ವೃತ್ತ ಆ ಕಡೆಯಿಂದ ಹಾಡುವುದೆಂದು ನಿಶ್ಚಯವಾಗಿತ್ತು.

ಲುಪೆ ಲ್ಯಾಪ್‌ಟಾಪ್ ಹಿಡಿದು ಸಭಾಂಗಣಕ್ಕೆ ಬಂದರೆ ಮಾಫು ಸೊಂಟಕ್ಕೆ ಸುತ್ತುವ ಚಾಪೆಯನ್ನು ಅವಳತ್ತ ಚಾಚಿದ.

"ಬೋಗುಣಿಗೆ ಬರ್ಬೇಕಾದ ಹುಡುಗಿಗೆ ಅಂಗಡೀಲಿ ಪಾಳಿಯಂತೆ. ನೀನೇ ಕೂತ್ಕೊಂಡುಬಿಡು."

"ಯಂತ್ರ?"

"ನಾನು ನೋಡ್ಕೋತೀನಿ. ಬಟನ್ ಒತ್ತೋದು ತಾನೇ?"

"ಬಟನ್ ಒತ್ತೋದೇ ಆದ್ರೆ ಇಷ್ಟು ದಿನ ನೀನೇ ಒತ್ತಬಹುದಿತ್ತಲ್ಲ."

ಅವರ ಅಧ್ಯಾಪಕಿ ಹಿಲರಿ ಹತ್ತಿರ ಬಂದಳು. ಪಲಾಂಗಿ ಹೆಂಗಸು, ಬಿಳಿಯರಲ್ಲಿ ಒಳ್ಳೆಯವಳೆಂದು ಹೆಸರು ಮಾಡಿದವಳು. "ಲುಪೆ, ಯೋಚನೆ ಮಾಡು. ಯಂತ್ರ ಮಾಡಿದವಳೇ ಬೋಗುಣಿ ಮುಂದೆ! ಎಷ್ಟು ಚೆನ್ನಾಗಿ ಕಾಣುತ್ತೆ! ನಿಮ್ಮ ಸಂಪ್ರದಾಯಾನೂ ಉಳಿಯುತ್ತೆ."

"ನಮ್ಮ ಸಂಪ್ರದಾಯದಲ್ಲಿ ಹುಡುಗಿ ಇಲ್ಲದಿದ್ರೆ ಗಂಡಸರೇ ಹಿಂಡ್ಕೊಂಡು ಕುಡೀತಾರೆ, ಹಿಲರಿ. ಮಾಫುಗೂ ಕೈ ಇದೆ."

"ಒಂದೇ ಒಂದು ಹಾಡು. ಆಮೇಲೆ ಎದ್ದು ಬಂದು ಮಾತಾಡು. ಸರೀನಾ?"

ಸುತ್ತ ಜನ ಸೇರುತ್ತಿದ್ದರು. ಒಂದೇ ಹಾಡೆಂದು ಲುಪೆ ಚಾಪೆ ಸುತ್ತಿಕೊಂಡಳು.

ವೃತ್ತದ ತಲೆಯಲ್ಲಿ ಪೇನಿಯಜ್ಜ ಕೂತಿದ್ದ. ರಾತ್ರಿ ಕುಡಿಯುವ ಕಾವವನ್ನು ಮಧ್ಯಾಹ್ನ ಕುಡಿಯುವುದು ಶವಯಾತ್ರೆಯಲ್ಲಿ ಕುಣಿದ ಹಾಗೆ ಎಂದು ಗೊಣಗುತ್ತಲೇ ಪದ್ಧತಿಯಂತೆ ಕೇಳಿದ, "ಈ ಹುಡುಗಿಗೆ ಇಲ್ಲಿ ಅಣ್ಣ ತಮ್ಮ ಯಾರಾದ್ರೂ ಇದ್ದೀರೇನ್ರೋ?"

ಯಾರೂ ಇರಲಿಲ್ಲ. ಅಜ್ಜ ಗಡ್ಡ ಎತ್ತಿ ಸ್ಪೀಕರ್ ತೋರಿಸಿದ. "ಆ ಕಡೆ?"

"ಆ ಕಡೆ ಯಾರೂ ಇಲ್ಲ, ಅಜ್ಜ" ಎಂದ ಮಾಫು.

ಚಿತ್ರ ಕಳಿಸಿದರೆ ದನಿ ಇನ್ನೂ ತಡವಾಗುತ್ತದೆಂದು ಪರದೆಯನ್ನು ಖಾಲಿ ಬಿಟ್ಟಿದ್ದರು. ಆ ಕಡೆಯವರಿಗೂ ಈ ಕಡೆ ಕಾಣುತ್ತಿರಲಿಲ್ಲ. ಲುಪೆ ಬೇರು ಹಿಂಡಿ ಮೊದಲ ಚಿಪ್ಪು ತುಂಬಿದಳು. ಸ್ಪೀಕರಿನಿಂದ ಯಾರೋ ನಕ್ಕದ್ದು ಕೇಳಿಸಿತು. "ಏನ್ರಪ್ಪಾ ಆಕ್ಲೆಂಡಿನವರೇ, ನಿಮ್ಮ ಬೋಗುಣಿ ಹುಡುಗಿ ನೋಡೋಕೆ ಹೇಗಿದ್ದಾಳೆ? ನಮಗಂತೂ ಇಲ್ಲಿ ದ್ರಾಕ್ಷಿ ಬುಟ್ಟಿಯೇ ಹೆಂಡ್ತಿ."

ಈ ಕಡೆಯ ಗಂಡಸರು ತೊಡೆ ತಟ್ಟಿ ನಕ್ಕರು. "ಚೆನ್ನಾಗಿದ್ದಾಳೆ, ಆದ್ರೆ ಮುಖ ಹುಳಿ ದ್ರಾಕ್ಷಿ!"

ದ್ರಾಕ್ಷಿ ಎಂಬ ಮಾತು ಬಿದ್ದಾಗಲೇ ಲುಪೆಯ ಕೈ ನಿಂತಿತ್ತು. ಸಿಡ್ನಿ ಪಟ್ಟಣದಲ್ಲಿ ದ್ರಾಕ್ಷಿ ಕೀಳುವವರು ಯಾರು? ಅವಳು ತಿರುಗಿ ಮಾಫುವಿನ ಕಡೆ ನೋಡಿದಳು. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

ಆಮೇಲೆ ಸ್ಪೀಕರಿನಲ್ಲಿ ಮೂಗಿನಿಂದ ಎರಡು ಬಾರಿ ಉಸಿರೆಳೆದ ಸದ್ದು.

ಕೆಪು ಸಾಲು ಎತ್ತಿದ. ಬೋಗುಣಿಯ ಮುಂದೆ ಕೂತ ಹುಡುಗಿಯ ಕೊರಳಿನ ಹೂವನ್ನು ತಾನು ಮೂಸಬೇಕೆಂಬ ಹಾಡು. ಎಂದೂ ಕೇಳದ ಆ ಉಸಿರಿಗೆ ಯಂತ್ರ ಏನೇನೋ ಊಹಿಸಿ ಬೇರೆ ಯಾವುದೋ ಹಾಡಿನ ಸಾಲು ಗುನುಗಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಯಾಕೆ ಹಾಗಾಯಿತೆಂದು ಆ ಸಭೆಯಲ್ಲಿ ತಿಳಿದಿದ್ದವಳು ಲುಪೆ ಒಬ್ಬಳೇ.

ಅವಳು ಸುಮ್ಮನಿರಬಹುದಿತ್ತು. ಒಂದು ಹಾಡು ಮುಗಿದರೆ ಯಂತ್ರದ ಮುಂದೆ ಹೋಗಬಹುದಿತ್ತು, ಮಾತಾಡಬಹುದಿತ್ತು, ಅಂಕ ಬರುತ್ತಿತ್ತು. ತಾನು ಯಾರಿಗೆ ಹಾಡುತ್ತಿದ್ದೇನೆಂದು ಕೆಪುವಿಗೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಎಂದಾದರೂ ಯಾರಾದರೂ ಹೇಳುವವರೆಗೆ. ನಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ.

ಎರಡನೆಯ ಸಾಲು ಏಳುವ ಮುಂಚೆ ಅವಳು ಬಗ್ಗಿ ಮೈಕನ್ನು ಹತ್ತಿರ ಎಳೆದುಕೊಂಡಳು. "ಕೆಪು."

ಹಾಡು ನಿಂತಿತು. ದನಿ ಕಡಲು ದಾಟುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ, "ಯಾರದು?"

"ನಾನು. ಬೋಗುಣಿ ಮುಂದೆ ನಾನಿದ್ದೀನಿ."

ಆ ಕಡೆ ಏನೋ ಉರುಳಿಬಿತ್ತು. ಗಿಟಾರಿನ ತಂತಿಗಳು ಒಮ್ಮೆ ಝಲ್ಲೆಂದವು. ಆಮೇಲೆ ಸಂಪರ್ಕ ಕಡಿದುಹೋಯಿತು. ಯಂತ್ರ ಮಾತ್ರ ತನ್ನ ತಪ್ಪು ಹಾಡನ್ನು ಇಂಪಾಗಿ ಗುನುಗುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಮಾಫುವಿಗೆ ಗೊತ್ತಿರಲಿಲ್ಲ. ಲುಪೆ ಎದ್ದು ಹೋಗಿ ನಿಲ್ಲಿಸಿದಳು.

ಪೇನಿಯಜ್ಜ ಚಿಪ್ಪನ್ನು ಮಗುಚಿ ಹಾಕಿದ. "ಎದ್ದು ಸುಮ್ಮನೆ ಆಚೆ ಹೋಗಬೇಕಿತ್ತು. ಪಲಾಂಗಿಗಳ ಮುಂದೆ ಹೆಸರು ಹಿಡಿದು ಕೂಗೋದಾ? ಅದೂ ಅಣ್ಣನ್ನ?"

"ನಾನು ಆಚೆ ಹೋದ್ರೆ ಅವನು ಹಾಡ್ತಾನೇ ಇರ್ತಿದ್ದ, ಅಜ್ಜ. ನೀವು ನಗ್ತಾನೇ ಇರ್ತಿದ್ರಿ."

"ಬಾಯಿ ನೋಡು! ಬೋಗುಣಿ ಹುಡುಗಿಗೆ ಇಷ್ಟು ಬಾಯಿ!"

"ಒಂದೇ ಒಂದು ಹಾಡು ಮುಚ್ಕೊಂಡಿರೋಕಾಗ್ಲಿಲ್ವಾ ನಿನಗೆ?" ಮಾಫುವಿನ ಮುಖ ಕೆಂಪಾಗಿತ್ತು. "ಸಿಡ್ನಿಯವರ ಮನೇಲಿ ಸಾವು. ಮಿಲ್ಡೂರಾ ಬಿಟ್ಟು ನಾನು ಎಲ್ಲಿಂದ ತರಲಿ ಇನ್ನೊಂದು ವೃತ್ತ? ಅವನೇನು ಈ ಕೋಣೇಲಿದ್ದಾನಾ? ಬರೀ ದನಿ ಅಷ್ಟೆ!"

"ಒಟ್ಟಿಗೆ ಹಾಡೋಕೆ ಮಾತ್ರ ಒಂದೇ ಕೋಣೆ, ಮರ್ಯಾದೆಗೆ ಬೇರೆ ಬೇರೇನಾ? ಪೋಸ್ಟರಲ್ಲಿ ಏನು ಬರೆದಿದ್ದೀಯ ಓದ್ಕೋ. ಕಡಲಿನ ಮೇಲೆ ಒಂದೇ ಮನೆ ಅಂತ ಬರೆದಿದ್ದೀಯ."

ಅವಳನ್ನು ಮಾತಾಡಲು ಯಾರೂ ಕರೆಯಲಿಲ್ಲ. ತಾಂತ್ರಿಕ ತೊಂದರೆ ಎಂದು ಹಿಲರಿ ಸಭೆಗೆ ಕ್ಷಮೆ ಕೇಳಿದಳು. ಚೆಲ್ಲಿದ ಕಾವವನ್ನು ಒರೆಸಲಿ ಎಂದು ಯಾರೋ ಲುಪೆಯ ಕೈಗೆ ಬಟ್ಟೆ ಕೊಟ್ಟರು. ಅವಳು ಅದನ್ನು ಮಾಫುವಿನ ಮುಂದಿಟ್ಟು, ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟಳು.

ಮನೆಗೆ ಹೋಗುವ ಮೊದಲೇ ಸುದ್ದಿ ಹೋಗಿತ್ತು. ಅಕೆಸ ಕೆಲಸದ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದಳು. "ನಿನ್ನ ಅಣ್ಣ ಅಲ್ಲಿ ತಗಡಿನ ಶೆಡ್ಡಲ್ಲಿ ಮಲಗಿ ನಮಗೆ ದುಡ್ಡು ಕಳಿಸ್ತಾನೆ. ಇವತ್ತು ಫೋನ್ ಎತ್ತುತ್ತಿಲ್ಲ. ಅವನು ಅಲ್ಲಿದ್ದದ್ದು ಯಾರಿಗೂ ಗೊತ್ತಿರಲಿಲ್ಲವಂತೆ. ನೀನೇ ಮೆರೆಯೋಕೆ ಹೋಗಿ ಬೊಬ್ಬೆ ಹೊಡೆದೆಯಂತೆ."

"ಅವನು ದುಡ್ಡು ಕಳಿಸ್ತಾನೆ, ಸರಿ. ಇಲ್ಲಿ ನಿನ್ನ ಪಾಲಿನ ಮನೆಗೆಲಸ ಯಾರು ಮಾಡ್ತಾರೆ ಅಮ್ಮ, ಅದನ್ನೂ ಹೇಳು."

ಅಕೆಸ ಕೈಯೆತ್ತಿದಳು. ಹೊಡೆಯಲಿಲ್ಲ. ಆದರೆ ಅಂದಿನಿಂದ ಮಗಳ ಜೊತೆ ಕೆಲಸ ಹೇಳುವಾಗಷ್ಟೇ ಮಾತು. ಹಾಗಾಗಿ ಮಾತಿಗೇನೂ ಕೊರತೆಯಾಗಲಿಲ್ಲ.

ಮುಂದಿನ ವಾರ ಹಿಲರಿ ಲುಪೆಯನ್ನು ತನ್ನ ಕೋಣೆಗೆ ಕರೆಸಿದಳು. ವೆಲಿಂಗ್ಟನ್ನಿನಲ್ಲಿ ಇನ್ನೊಂದು ಪ್ರದರ್ಶನ ಇತ್ತು. ಹೊಸ ದನಿಗಳನ್ನು ಸೇರಿಸಿ ಯಂತ್ರಕ್ಕೆ ಮತ್ತೆ ಮೊದಲಿಂದ ಕಲಿಸಬೇಕಾಗಿತ್ತು. ಉಸಿರಿನ ಗುರುತುಗಳೆಲ್ಲ ಇದ್ದದ್ದು ಲುಪೆಯ ಸ್ವಂತ ಲ್ಯಾಪ್‌ಟಾಪಿನಲ್ಲಿ.

"ಆ ಗುರುತುಗಳನ್ನ ಮಾಫುಗೆ ಕೊಟ್ಟುಬಿಡು. ವೆಲಿಂಗ್ಟನ್ನಲ್ಲಿ ಅವನು ಮಾತಾಡ್ತಾನೆ. ಜನರ ಜೊತೆ ಅವನು ಚೆನ್ನಾಗಿ ಬೆರೀತಾನೆ. ನಿನ್ನ ಹೆಸರು ಸಹಾಯ ಮಾಡಿದವರಲ್ಲಿ ಬರುತ್ತೆ."

"ಸಹಾಯ?"

"ಇದು ಗುಂಪಿನ ಕೆಲಸ, ಲುಪೆ."

"ಹಾಗಾದ್ರೆ ಗುಂಪೇ ಗುರುತು ಹಾಕ್ಲಿ. ರೆಕಾರ್ಡಿಂಗೆಲ್ಲ ಕಾಲೇಜಲ್ಲೇ ಇದೆ."

ಹಿಲರಿ ಕನ್ನಡಕ ತೆಗೆದಿಟ್ಟಳು. "ಕೊಡದಿದ್ರೆ ಈ ಪ್ರಾಜೆಕ್ಟಿಗೆ ನಿನಗೆ ಅಂಕ ಇರಲ್ಲ. ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಲಿ ಅಂತ ನಾನೆಷ್ಟು ಹೋರಾಡಿದ್ದೀನಿ, ಗೊತ್ತಾ ನಿನಗೆ?"

"ಗೊತ್ತು. ಹೋರಾಡಿ ಒಳಗೆ ಕರ್ಕೊಂಡು ಬಂದು ಬೋಗುಣಿ ಮುಂದೆ ಕೂರಿಸಿದ್ರಿ."

ಅಂಕ ಹೋಯಿತು. ಆ ವರ್ಷದ ಪ್ರಾಜೆಕ್ಟನ್ನು ಅವಳು ಮತ್ತೆ ಮೊದಲಿಂದ, ಒಬ್ಬಳೇ ಮಾಡಬೇಕೆಂದು ಕಾಗದ ಬಂತು.

ಗುರುತು ಹಾಕಲು ಮಾಫು ತಾನೇ ಕೂತು ನೋಡಿದನಂತೆ. ಎರಡು ದಿನಕ್ಕೆ ಕಿವಿ ಸೋತಿತು. ಮೂರನೆಯ ದಿನ ಒಂದು ಬುಟ್ಟಿ ಕೆಸುವಿನ ಗೆಡ್ಡೆ, ಅದರ ಮೇಲೆ ಬೀಫ್ ಡಬ್ಬಿಗಳನ್ನು ಇಟ್ಟುಕೊಂಡು ಅಕೆಸಾಳ ಮನೆಗೆ ಬಂದ. ಅಕೆಸ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಲುಪೆ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಳು.

"ಆಂಟಿ, ನೀವಾದ್ರೂ ಅವಳಿಗೆ ಬುದ್ಧಿ ಹೇಳಿ. ನನ್ನ ಭವಿಷ್ಯ ಇದೆ ಅದರಲ್ಲಿ."

"ಅವಳು ನನ್ನ ಮಾತು ಎಲ್ಲಿ ಕೇಳ್ತಾಳಪ್ಪಾ. ಅಣ್ಣನ ಮಾನವೇ ನೋಡದವಳು, ನಿನ್ನ ಭವಿಷ್ಯ ನೋಡ್ತಾಳಾ?" ಅಕೆಸ ಬುಟ್ಟಿಯನ್ನು ಪ್ರೀತಿಯಿಂದಲೇ ಪಕ್ಕಕ್ಕಿಟ್ಟುಕೊಂಡಳು.

"ಅದೇ ಮತ್ತೆ! ಕೆಪು ಆ ಕಡೆ ಇರ್ತಾನೆ ಅಂತ ನನಗೂ ಮನಸ್ಸಿಗೆ ಕಸಿವಿಸಿ ಇತ್ತು ಆಂಟಿ. ಆದ್ರೆ ಅಷ್ಟು ದೂರ, ಮುಖ ಬೇರೆ ಕಾಣಲ್ಲ, ಒಂದು ಹಾಡಲ್ಲಿ ಏನಾಗಿಬಿಡುತ್ತೆ ಅಂತ..."

ಬಟ್ಟೆಗೆ ಹಾಕುವ ಕ್ಲಿಪ್ಪು ಅಕೆಸಾಳ ಬಾಯಲ್ಲಿತ್ತು. ಅದನ್ನು ತೆಗೆದಳು. "ನಿನಗೆ ಗೊತ್ತಿತ್ತಾ?"

"ಅಂದ್ರೆ..."

"ಪೇನಿ ಕೇಳಿದಾಗ ಯಾರೂ ಇಲ್ಲ ಅಂದೆಯಂತೆ. ಗೊತ್ತಿದ್ದೂ ಅಂದೆಯಾ? ಗೊತ್ತಿದ್ದೂ ನನ್ನ ಮಗನ ಬಾಯಲ್ಲಿ ನನ್ನ ಮಗಳ ಮೇಲೆ ಆ ಹಾಡು ಹಾಡಿಸಿದೆಯಾ?"

"ಆಂಟಿ, ಕಾಲ ಬದಲಾಗಿದೆ..."

ಮೊದಲ ಬೀಫ್ ಡಬ್ಬಿ ಬೇಲಿಗೆ ಬಡಿಯಿತು. ಎರಡನೆಯದು ಅವನ ಭುಜಕ್ಕೆ. "ಬದಲಾಗಿದೆಯಾ? ನಿಮ್ಮಮ್ಮನ್ನ ಕರ್ಕೊಂಡು ಬಾ, ನಿನ್ನ ಅಕ್ಕಂದಿರನ್ನೂ ಕರ್ಕೊಂಡು ಬಾ. ಅವರ ಮುಂದೆ ನೀನು ಆ ಹಾಡು ಹಾಡು, ನಾನು ಕಾವ ಹಿಂಡಿಕೊಡ್ತೀನಿ! ಹೋಗೋ ನಾಯಿ!" ಕೆಸುವಿನ ಗೆಡ್ಡೆಗಳು ರಸ್ತೆಯವರೆಗೆ ಉರುಳಿದವು. ಮಾಫು ಕಾರಿನ ಬಾಗಿಲು ಹಾಕಿಕೊಳ್ಳುವವರೆಗೂ ಅಕೆಸಾಳ ಬಾಯಿ ನಿಲ್ಲಲಿಲ್ಲ.

ಅವಳು ಒಳಗೆ ಬಂದಳು. ತಾಯಿ ಮಗಳು ಎದುರುಬದುರು ನಿಂತರು. ಅಕೆಸ ತಪ್ಪಾಯಿತೆನ್ನುವ ಹೆಂಗಸಲ್ಲ.

"ಆದ್ರೂ ನೀನು ಮೈಕಲ್ಲಿ ಕೂಗಬಾರದಿತ್ತು."

"ಮೈಕಿಲ್ಲದೆ ಮಿಲ್ಡೂರಾಕ್ಕೆ ಕೇಳಿಸ್ತಿತ್ತಾ ಅಮ್ಮ?"

"ಕೆಪು ಇನ್ನೂ ಮಾತಾಡ್ತಿಲ್ಲ."

"ನನ್ನ ಜೊತೆ ಅವನು ಯಾವತ್ತು ಮಾತಾಡಿದ್ದ?"

ಅಕೆಸ ಕಿಟಕಿಯತ್ತ ತಿರುಗಿದಳು. ಹೊರಗೆ ಮೋಡ ಕವಿಯುತ್ತಿತ್ತು. "ಮಳೆ ಬರ್ತಿದೆ, ಹೋಗಿ ಬಟ್ಟೆ ತೆಗಿ" ಎಂದಳು, ಬೇರೆ ಏನೂ ಗೊತ್ತಿಲ್ಲದವಳ ಹಾಗೆ.

"ನನಗೆ ಕೆಲಸ ಇದೆ."

"ಏನು ಕೆಲಸ?"

ಒಬ್ಬಳೇ ಮಾಡುವ ಪ್ರಾಜೆಕ್ಟಿಗೆ ಹೊಸ ದನಿ ಬೇಕಾಗಿತ್ತು. ಚರ್ಚಿನ ಗಂಡಸರು ಅವಳನ್ನು ಬಾಗಿಲಿಂದಲೇ ಕಳಿಸಿದ್ದರು. ಹೆಂಗಸರ ಗಾಯನ ತಂಡದ ಹಿರಿಯಳು, ನಮ್ಮ ಉಸಿರನ್ನೂ ಕದ್ದು ಹರಾಜು ಹಾಕುತ್ತೀಯಾ ಎಂದು ಕೇಳಿದ್ದಳು. ಹಾಗಾಗಿ ಲುಪೆ ತಾನೇ ಹಾಡಿ ರೆಕಾರ್ಡ್ ಮಾಡಿಕೊಂಡಿದ್ದಳು. ಬೋಗುಣಿ ಹುಡುಗಿ ಹಾಡು ಎತ್ತುವಂತಿಲ್ಲ. ಅಷ್ಟು ವರ್ಷ ನಡುವೆ ಕೂತರೂ ತನ್ನ ದನಿ ಹೇಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅಷ್ಟೇನೂ ಇಂಪಾಗಿರಲಿಲ್ಲ. ಎತ್ತುವ ಮುನ್ನ ಉಸಿರು ಎಲ್ಲೆಲ್ಲೋ ತಡವರಿಸುತ್ತಿತ್ತು.

ಮುಂದಿನ ಕೋಣೆಯ ಊಟದ ಮೇಜಿನ ಮೇಲಿದ್ದ ತಮ್ಮಂದಿರ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಲ್ಯಾಪ್‌ಟಾಪ್ ತೆರೆದು, ಅವಳು ಹೆಡ್‌ಫೋನ್ ಏರಿಸಿಕೊಂಡಳು. ಹಿತ್ತಿಲಲ್ಲಿ ಹನಿ ಬೀಳತೊಡಗಿತು. ಅಕೆಸ ಮಗಳನ್ನೂ ಮಾಫುವನ್ನೂ ಒಂದೇ ಉಸಿರಿನಲ್ಲಿ ಶಪಿಸುತ್ತ ಬಟ್ಟೆಗಳನ್ನು ತಂತಿಯಿಂದ ಎಳೆದೆಳೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಒಂದೆರಡು ಬಾರಿ ಲುಪೆಯ ಹೆಸರು ಹಿಡಿದು ಕೂಗಿದಳು. ಕೇಳಿಸಿತು. ಲುಪೆ ಏಳಲಿಲ್ಲ.